ನಾನ್‌ಜಿಂಗ್ ನಗರದ ಪರೀಕ್ಷಾಮಂದಿರ

ಯಾಂಗ್‌ಟ್ಸೆ ಮಹಾನದಿಯ ದಕ್ಷಿಣ ತೀರದಲ್ಲಿ ನಾನ್‌ಜಿಂಗ್ ನಗರವಿದೆ. ‘ದಕ್ಷಿಣದ ರಾಜಧಾನಿ’ ಎಂಬುದು ಆ ಹೆಸರಿನ ಅರ್ಥ. ಷಾಂಘೈ ನಗರದಿಂದ ಹೊರಟ ವೇಗದ ರೈಲು ಒಂದೂವರೆ ಗಂಟೆಯ ಒಳಹೊರಗೆ ಪ್ರಯಾಣಿಕನನ್ನು ಇಲ್ಲಿಗೆ ತಂದು ಇಳಿಸುತ್ತದೆ. ಪೂರ್ವದಿಕ್ಕಿಗೆ ನೇರಿಳೆ ಬೆಟ್ಟವೆಂದು ಹೆಸರಾದ ಗಿರಿ, ಊರಿನ ಸುತ್ತ ಮಿಂಗ್ ಅರಸರು ಕಟ್ಟಿಸಿದ ಇಟ್ಟಿಗೆಯ ಕೋಟೆ, ಬೀದಿಯ ಎರಡು ಮಗ್ಗುಲಿಗೂ ನೆರಳಿನ ಸಾಲುಮರಗಳು. ಊರು ನೋಡಲು ಬಂದವರು ಹಗಲೆಲ್ಲ ಸಮಾಧಿಗಳನ್ನೂ ಕೋಟೆಯ ಹೆಬ್ಬಾಗಿಲುಗಳನ್ನೂ ನೋಡಿ ದಣಿದು, ಸಂಜೆಯಾದೊಡನೆ ನಗರದ ದಕ್ಷಿಣ ಭಾಗಕ್ಕೆ ನಡೆಯುವುದು ವಾಡಿಕೆ.

ಅಲ್ಲಿ ಛಿನ್‌ಹ್ವಾಯ್ ಎಂಬ ಕಿರುಹೊಳೆ ಮನೆಗಳ ಬೆನ್ನಿಗೆ ಅಂಟಿಕೊಂಡಂತೆ ಹರಿಯುತ್ತದೆ. ಬಿಳಿಯ ಗೋಡೆ, ಕಪ್ಪು ಹೆಂಚು, ಕೆಂಪು ಲಾಂದ್ರ. ಬಣ್ಣಬಣ್ಣದ ದೀಪಗಳನ್ನು ಹೊತ್ತ ದೋಣಿಗಳು ಸೇತುವೆಗಳ ಕೆಳಗೆ ಮೆಲ್ಲನೆ ಸಾಗುತ್ತವೆ. ದಡದ ಅಂಗಡಿಗಳಲ್ಲಿ ಆ ಊರಿನ ಪ್ರಸಿದ್ಧ ತಿನಿಸಾದ ಉಪ್ಪಿನ ಬಾತುಕೋಳಿಯ ಮಾರಾಟ. ಬೀಸಣಿಗೆ, ಬೊಂಬೆ, ಸಿಹಿತಿಂಡಿಗಳ ರಾಶಿ. ಮಕ್ಕಳ ಕೈಹಿಡಿದ ತಾಯಂದಿರು, ಅಜ್ಜ ಅಜ್ಜಿಯರು, ಹೊಸದಾಗಿ ಮದುವೆಯಾದವರು ಎಲ್ಲರೂ ಆ ಜನಜಂಗುಳಿಯಲ್ಲಿ ಉಂಟು. ಜಾತ್ರೆಯ ಗದ್ದಲವೆಂದೇ ತೋರುತ್ತದೆ.

ಆದರೆ ಈ ಜಾತ್ರೆಯ ನಡುವೆ ಮೂರಂತಸ್ತಿನ ಒಂದು ಗೋಪುರ ಮೌನವಾಗಿ ನಿಂತಿದೆ. ಅದರ ಸುತ್ತಣ ನೆಲದಲ್ಲಿ ಒಂದು ಕಾಲಕ್ಕೆ 20,644 ಪುಟ್ಟ ಕೋಣೆಗಳಿದ್ದುವು. ಒಂದೊಂದು ಕೋಣೆಯಲ್ಲಿಯೂ ಒಬ್ಬ ವಿದ್ಯಾರ್ಥಿ. ಅವನ ಎದುರಿಗೆ ಒಂದು ಪ್ರಶ್ನೆಪತ್ರಿಕೆ. ಚೀನಾ ದೇಶದ ಅತ್ಯಂತ ವಿಶಾಲವಾದ ಪರೀಕ್ಷಾಮಂದಿರಗಳಲ್ಲಿ ಒಂದಾಗಿದ್ದ ‘ಜಿಯಾಂಗ್‌ನಾನ್ ಗಾಂಗ್‌ಯುವಾನ್’ ಇದೇ.

ಮಕ್ಕಳು ಏನನ್ನು ಕಲಿತಿದ್ದಾರೆಂದು ತಿಳಿಯುವುದು ಹೇಗೆ? ಪ್ರತಿವರ್ಷ ಮಾರ್ಚಿ ತಿಂಗಳು ಬಂದೊಡನೆ ನಮ್ಮ ಮನೆಮನೆಯಲ್ಲಿಯೂ ಏಳುವ ಈ ಪ್ರಶ್ನೆಯನ್ನು, ಈ ನೆಲದ ಮೇಲೆ ಎಂಟು ಶತಮಾನಗಳ ಹಿಂದೆಯೇ ಕೇಳಲಾಯಿತು. ಅದಕ್ಕೆ ದೊರೆತ ಉತ್ತರದ ಹಿರಿಮೆಯೂ ಸೋಲೂ ಇಲ್ಲಿನ ಒಂದು ಹರದಾರಿಯೊಳಗೇ ಹುದುಗಿವೆ.

ಒಂದೇ ಅಂಗಳದ ಮೂರು ಮನೆಗಳು

ಹೊಳೆಗೆ ಎದುರಾಗಿ ಕನ್‌ಫ್ಯೂಷಿಯಸನ ದೇವಾಲಯ. ಹೊಳೆಯ ಆಚೆಯ ದಡದಲ್ಲಿ ಜೋಡಿ ಘಟಸರ್ಪಗಳ ಚಿತ್ರವುಳ್ಳ ಉದ್ದನೆಯ ಕೆಂಪು ಗೋಡೆ ದೇವಾಲಯಕ್ಕೆ ತೆರೆಯಂತೆ ನಿಂತಿದೆ. 1937ರಲ್ಲಿ ಜಪಾನೀ ಸೈನ್ಯ ನಗರವನ್ನು ಹಿಡಿದಾಗ ದೇವಾಲಯ ಬೆಂಕಿಗೆ ಆಹುತಿಯಾಯಿತು. ಈಗ ಕಾಣುವುದು 1980ರ ದಶಕದಲ್ಲಿ ಪುನಃ ಕಟ್ಟಿದ್ದು. ದೇವಾಲಯದ ಹಿಂಬದಿಗೆ ಹಳೆಯ ಸರ್ಕಾರಿ ವಿದ್ಯಾಶಾಲೆ. ‘ಉಜ್ಜ್ವಲ ಸದ್ಗುಣ’ವೆಂಬ ಅರ್ಥದ ಹೆಸರನ್ನು ಹೊತ್ತ ಅದರ ಪಾಠಮಂದಿರವನ್ನು ಇಂದಿಗೂ ತೋರಿಸುತ್ತಾರೆ. ದೇವಾಲಯದ ಪೂರ್ವಕ್ಕೆ ಕೆಲವೇ ಹೆಜ್ಜೆಗಳಲ್ಲಿ ಪರೀಕ್ಷಾಮಂದಿರ. ಗುರುವಿನ ಗುಡಿ, ಕಲಿಸುವ ಮನೆ, ಅಳೆಯುವ ಮನೆ ಈ ಮೂರೂ ಒಂದೇ ಅಂಗಳದಲ್ಲಿ ಇರತಕ್ಕವೆಂದು ಹಳೆಯವರು ಭಾವಿಸಿದ್ದರು.

ಮೂರರಲ್ಲಿ ಒಂದು ಮಾತ್ರ ದೈತ್ಯಾಕಾರವಾಗಿ ಬೆಳೆಯಿತು. 1168ರಲ್ಲಿ, ದಕ್ಷಿಣ ಸುಂಗ್ ಅರಸರ ಕಾಲದಲ್ಲಿ, ಸಣ್ಣದಾಗಿ ಆರಂಭವಾದ ಪರೀಕ್ಷಾಮಂದಿರ ಮಿಂಗ್ ಮತ್ತು ಛಿಂಗ್ ಅರಸರ ಕಾಲಕ್ಕೆ ಊರೊಳಗಿನ ಊರಾಯಿತು. ಇತ್ತ ವಿದ್ಯಾಶಾಲೆಯ ಗತಿ ಬೇರೆ. ಜಿಲ್ಲೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾದ ತರುಣನ ಹೆಸರನ್ನು ವಿದ್ಯಾಶಾಲೆಯ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅವನಿಗೆ ವಿಶೇಷ ಉಡುಪು, ತಲೆಗೆ ಗೌರವದ ಟೋಪಿ, ತೆರಿಗೆಗಳಲ್ಲಿ ರಿಯಾಯಿತಿ. ಆದರೆ ಛಿಂಗ್ ಅರಸರ ಕಾಲಕ್ಕೆ ಅಂಥ ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದುದು ಬಲು ಕಡಮೆ. ಶಿಕ್ಷಣಾಧಿಕಾರಿ ಬಂದಾಗ ಎಲ್ಲರೂ ನೆರೆದು ಪರೀಕ್ಷೆ ಬರೆಯುವುದು, ಅವನು ಅವರನ್ನು ಆರು ದರ್ಜೆಗಳಾಗಿ ವಿಂಗಡಿಸುವುದು, ಇಷ್ಟೇ ಶಾಲೆಯ ಜೀವನ. ಮೇಲಿನ ದರ್ಜೆಯವನಿಗೆ ವೇತನ; ನಾಲ್ಕನೆಯ ದರ್ಜೆಗೆ ಬಿದ್ದವನಿಗೆ ಬೆತ್ತದ ಏಟು; ಆರನೆಯದಕ್ಕೆ ಇಳಿದವನ ಹೆಸರು ಪಟ್ಟಿಯಿಂದಲೇ ಮಾಯ. ಓದುವುದು ಮನೆಯಲ್ಲಿ, ಖಾಸಗಿ ಗುರುವಿನ ಬಳಿಯಲ್ಲಿ. ಶಾಲೆ ಉಳಿದದ್ದು ಎಣಿಸುವುದಕ್ಕೆ, ತೂಗುವುದಕ್ಕೆ.

ಒಂಬತ್ತು ದಿನಗಳ ವನವಾಸ

ಮೂರು ವರ್ಷಗಳಿಗೊಮ್ಮೆ, ಚಾಂದ್ರಮಾನದ ಎಂಟನೆಯ ತಿಂಗಳಲ್ಲಿ, ಇಂದಿನ ಜಿಯಾಂಗ್‌ಸು ಮತ್ತು ಆನ್‌ಹ್ವೇ ಪ್ರಾಂತಗಳ ವಿದ್ಯಾವಂತರೆಲ್ಲ ನಾನ್‌ಜಿಂಗಿಗೆ ಹೊರಡುತ್ತಿದ್ದರು. ಹದಿಹರೆಯದವರೂ ಇದ್ದರು, ಮೊಮ್ಮಕ್ಕಳನ್ನು ಕಂಡವರೂ ಇದ್ದರು. ಹೆಂಗಸರಿಗೆ ಪ್ರವೇಶವಿರಲಿಲ್ಲ, ನಟರು, ದಾಸರು ಮೊದಲಾದವರ ಮಕ್ಕಳಿಗೂ ಇರಲಿಲ್ಲ. ಇವರನ್ನು ಬಿಟ್ಟರೆ, ಬಡ ರೈತನ ಮಗನೂ ಮಂತ್ರಿಯ ಮಗನೂ ಒಂದೇ ಬಾಗಿಲಿನಲ್ಲಿ ಸಾಲುಗಟ್ಟಿ ನಿಲ್ಲಬೇಕಾಗಿತ್ತು.

ಬಾಗಿಲಿನಲ್ಲಿ ಮೈತಪಾಸಣೆ. ಬಟ್ಟೆಯ ಒಳಪದರಗಳು, ಪಾದರಕ್ಷೆಯ ಅಡಿ, ತಿಂಡಿಯ ಬುತ್ತಿ ಯಾವುದನ್ನೂ ಬಿಡುತ್ತಿರಲಿಲ್ಲ. ಹೀಗಿದ್ದರೂ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಶಾಸ್ತ್ರಗ್ರಂಥಗಳನ್ನೇ ಬರೆದುಕೊಂಡ ಒಳಅಂಗಿಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣಸಿಗುತ್ತವೆ. ಮನುಷ್ಯನ ಜಾಣ್ಮೆಗೆ ಎಲ್ಲೆಯಿಲ್ಲ.

ಒಳಗೆ ಓಣಿಯ ಮೇಲೆ ಓಣಿ. ಒಂದೊಂದು ಓಣಿಗೂ ಚೀನೀ ಮಕ್ಕಳು ಕಲಿಯುವ ‘ಸಾವಿರ ಅಕ್ಷರಗಳ ಪಾಠ’ದಿಂದ ಒಂದೊಂದು ಅಕ್ಷರದ ಹೆಸರು. ಓಣಿಯ ಉದ್ದಕ್ಕೂ ಬಾಗಿಲಿಲ್ಲದ ಕೋಣೆಗಳು. ಅಗಲ ಒಂದು ಗಜಕ್ಕೆ ತುಸು ಹೆಚ್ಚು, ಎತ್ತರ ಆಳಿನಷ್ಟು. ಗೋಡೆಗಳಲ್ಲಿ ಹಲಗೆ ಸಿಕ್ಕಿಸುವ ಗಾಡಿಗಳು. ಎರಡೇ ಹಲಗೆ: ಹಗಲಿನಲ್ಲಿ ಒಂದು ಆಸನ, ಇನ್ನೊಂದು ಮೇಜು, ರಾತ್ರಿ ಎರಡನ್ನೂ ಜೋಡಿಸಿದರೆ ಹಾಸಿಗೆ. ಕಾಲು ಚಾಚುವ ಮಾತಿಲ್ಲ. ಹೊದಿಕೆ, ಅಡಿಗೆಯ ಪಾತ್ರೆ, ಅಕ್ಕಿ, ಮೇಣದಬತ್ತಿ, ಮಸಿಯ ಕಲ್ಲು ಎಲ್ಲವನ್ನೂ ವಿದ್ಯಾರ್ಥಿಯೇ ಹೊತ್ತು ತರಬೇಕು. ಓಣಿಯ ಕೊನೆಯಲ್ಲಿ ಶೌಚದ ಸ್ಥಳ. ಅದರ ಪಕ್ಕದ ಕೋಣೆ ಯಾರ ಪಾಲಿಗೆ ಬಂದಿತೋ ಅವನ ಮೂರು ವರ್ಷಗಳ ಓದು ದುರ್ಗಂಧದಲ್ಲಿ ಮುಳುಗಿತೆಂದೇ ಲೆಕ್ಕ.

ಪರೀಕ್ಷೆ ಮೂರು ಸರದಿಗಳಲ್ಲಿ ನಡೆಯುತ್ತಿತ್ತು. ಒಂದೊಂದು ಸರದಿಗೂ ಮೂರು ಹಗಲು, ಎರಡು ರಾತ್ರಿ; ಒಟ್ಟು ಒಂಬತ್ತು ದಿನ. ಮೊದಲನೆಯದರಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ನಾಲ್ಕು ಗ್ರಂಥಗಳ ಮೇಲೆ ಪ್ರಬಂಧ, ಎರಡನೆಯದರಲ್ಲಿ ಐದು ಪ್ರಾಚೀನ ಗ್ರಂಥಗಳ ವಿಷಯ, ಮೂರನೆಯದರಲ್ಲಿ ರಾಜ್ಯನೀತಿಯ ಪ್ರಶ್ನೆಗಳು. ಮೂರನೆಯ ಸರದಿಯ ದಿನ ಹುಣ್ಣಿಮೆ. ಚೀನೀಯರ ಮನೆಮನೆಯಲ್ಲಿ ಕುಟುಂಬದವರು ಒಟ್ಟುಗೂಡಿ ಚಂದ್ರನನ್ನು ನೋಡುವ ಶರತ್ಕಾಲದ ಹಬ್ಬ. ಆ ಹಬ್ಬದ ಬೆಳುದಿಂಗಳು ಇಲ್ಲಿ ಇಪ್ಪತ್ತು ಸಾವಿರ ಒಂಟಿ ಜನರ ಹಲಗೆಗಳ ಮೇಲೆ ಬೀಳುತ್ತಿತ್ತು.

ಎಲ್ಲರ ಮೇಲೂ ಕಣ್ಣಿಡಲು ನಡುವೆ ಆ ಗೋಪುರ. ‘ಬೆಳಕು’, ‘ದೂರ’ ಎಂಬ ಎರಡು ಅಕ್ಷರಗಳನ್ನು ಕೂಡಿಸಿ ಅದಕ್ಕೆ ‘ಮಿಂಗ್‌ಯುವಾನ್’ ಗೋಪುರವೆಂದು ಹೆಸರು. 1534ರಲ್ಲಿ ಅದನ್ನು ಕಟ್ಟಿದರು. ಅದರ ಕಿಟಕಿಗಳಲ್ಲಿ ನಿಂತ ಅಧಿಕಾರಿಗಳಿಗೆ ಎಲ್ಲ ಓಣಿಗಳೂ ಕಾಣುತ್ತಿದ್ದುವು. ಒಮ್ಮೆ ಬೀಗಮುದ್ರೆ ಬಿದ್ದ ಹೆಬ್ಬಾಗಿಲು ಸರದಿ ಮುಗಿಯುವವರೆಗೆ ತೆರೆಯುತ್ತಿರಲಿಲ್ಲ. ಒಳಗೆ ಯಾರಾದರೂ ಸತ್ತರೆ ಶವವನ್ನು ಗೋಡೆಯ ಮೇಲಿಂದ ಹೊರಕ್ಕೆ ಸಾಗಿಸುತ್ತಿದ್ದರೆಂಬ ಹೇಳಿಕೆಯುಂಟು.

ಐದು ಬಣ್ಣದ ಮಸಿ

ಇಷ್ಟೆಲ್ಲ ಕಠೋರತೆ ಏತಕ್ಕೆ? ನ್ಯಾಯಕ್ಕಾಗಿ. ಇದನ್ನು ಅರಿಯದೆ ಈ ಮಂದಿರವನ್ನು ಬರಿಯ ಸೆರೆಮನೆಯೆಂದು ನಗುವುದು ಸಲ್ಲದು.

ವಿದ್ಯಾರ್ಥಿ ಕಪ್ಪು ಮಸಿಯಲ್ಲಿ ಉತ್ತರ ಬರೆಯುತ್ತಿದ್ದನು. ಅವನ ಹೆಸರಿರುವ ಭಾಗವನ್ನು ಮಡಚಿ ಅಂಟಿಸಿ ಮುಚ್ಚುತ್ತಿದ್ದರು. ಆದರೆ ಹೆಸರು ಮರೆಯಾದ ಮಾತ್ರಕ್ಕೆ ಆಳು ಮರೆಯಾಗುವನೆ? ಕೈಬರಹ ಗುರುತು ಸಿಕ್ಕೀತು. ಆದುದರಿಂದ ನೂರಾರು ಲಿಪಿಕಾರರು ಕುಳಿತು ಪ್ರತಿಯೊಂದು ಉತ್ತರವನ್ನೂ ಕೆಂಪು ಮಸಿಯಲ್ಲಿ ನಕಲು ಮಾಡುತ್ತಿದ್ದರು. ನಕಲು ಸರಿಯೇ ಎಂದು ಒಪ್ಪನೋಡುವವರದು ಹಳದಿ ಮಸಿ. ಮೇಲ್ವಿಚಾರಕರದು ನೇರಿಳೆ. ಕೆಂಪು ಪ್ರತಿ ಮಾತ್ರ ಪರೀಕ್ಷಕರ ಕೈಗೆ ಹೋಗಬೇಕು. ಸಹಾಯಕ ಪರೀಕ್ಷಕರದು ನೀಲಿ ಮಸಿ, ರಾಜಧಾನಿಯಿಂದ ಬಂದ ಮುಖ್ಯ ಪರೀಕ್ಷಕರದು ಕಪ್ಪು. ಯಾವ ಕೈ ಎಲ್ಲಿ ತಿದ್ದಿತೆಂಬುದನ್ನು ಬಣ್ಣವೇ ಸಾರುತ್ತಿತ್ತು. ಆಡಳಿತದ ಅಧಿಕಾರಿಗಳು ‘ಪರದೆಯ ಹೊರಗಿನವರು’, ಪರೀಕ್ಷಕರು ‘ಪರದೆಯ ಒಳಗಿನವರು’. ಒಬ್ಬರು ಇನ್ನೊಬ್ಬರ ಆವರಣಕ್ಕೆ ಕಾಲಿಡುವಂತಿರಲಿಲ್ಲ.

ತಂದೆಯ ಅಂತಸ್ತು, ಮನೆತನದ ಹೆಸರು, ಅಕ್ಷರದ ಅಂದ ಇವಾವುವೂ ಕೆಂಪು ಪ್ರತಿಯಲ್ಲಿ ಇರುತ್ತಿರಲಿಲ್ಲ. ಜಗತ್ತಿನ ಬಹು ದೇಶಗಳಲ್ಲಿ ಅಧಿಕಾರವೆಂಬುದು ಹುಟ್ಟಿನಿಂದ ಬರುತ್ತಿದ್ದ ಕಾಲದಲ್ಲಿ ಇಂಥದೊಂದು ಏರ್ಪಾಡು ನಡೆದುಕೊಂಡು ಬಂದುದು ಸಾಮಾನ್ಯ ಸಂಗತಿಯಲ್ಲ. ಸುಮಾರು ಒಂದು ತಿಂಗಳ ಮೇಲೆ, ಊರೆಲ್ಲ ಸುವಾಸನೆಯ ಗುಯ್ ಹೂವು ಅರಳುವ ಹೊತ್ತಿಗೆ, ಫಲಿತಾಂಶದ ಪಟ್ಟಿ ಹೊರಬೀಳುತ್ತಿತ್ತು. ಹದಿನೆಂಟನೆಯ ಶತಮಾನದ ನಡುಗಾಲದಿಂದ ಇಲ್ಲಿಗೆ ನಿಗದಿಯಾಗಿದ್ದ ಸ್ಥಾನಗಳು 114. ನೂರು ಜನರಲ್ಲಿ ಒಬ್ಬನಿಗೂ ಸಾಲದಷ್ಟು!

ಬೇಲಿ ಹಾರಿದ ಪ್ರಸಂಗಗಳಿಲ್ಲದೆ ಇಲ್ಲ. 1657ರ ಪರೀಕ್ಷೆಯಲ್ಲಿ ಅಕ್ರಮ ನಡೆಯಿತೆಂಬ ಕೂಗೆದ್ದು, ಮುಖ್ಯ ಪರೀಕ್ಷಕರಿಬ್ಬರ ತಲೆ ಹೋಯಿತು. ತೇರ್ಗಡೆಯಾದವರನ್ನು ಬೀಜಿಂಗಿಗೆ ಕರೆಸಿ, ಕಾವಲುಗಾರರ ನಡುವೆ ಕೂರಿಸಿ ಮತ್ತೆ ಬರೆಸಿದರು. ವು ಝಾವೋಛಿಯಾನ್ ಎಂಬ ಪ್ರತಿಭಾವಂತ ಕವಿ ಅಲ್ಲಿ ಉತ್ತರವನ್ನು ಪೂರ್ತಿ ಮಾಡಲಿಲ್ಲ; ಹೆದರಿಕೆಯಿಂದಲೋ ರೋಷದಿಂದಲೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಅವನನ್ನು ಈಶಾನ್ಯದ ಹಿಮಭೂಮಿಗೆ ಗಡೀಪಾರು ಮಾಡಿದರು. ಅವನು ಹಿಂದಿರುಗಿದುದು ಇಪ್ಪತ್ತು ವರ್ಷಗಳಿಗೂ ಮೀರಿದ ಮೇಲೆ. 1711ರಲ್ಲಿ ಮತ್ತೊಂದು ಲಂಚದ ಹಗರಣ. ಕುಪಿತರಾದ ವಿದ್ಯಾರ್ಥಿಗಳು ಮಂದಿರದ ಹೆಸರುಹಲಗೆಯ ಎರಡು ಅಕ್ಷರಗಳಿಗೆ ಕಾಗದ ಅಂಟಿಸಿ, ‘ಮಾರಿ ಮುಗಿಯಿತು’ ಎಂದು ಓದುವಂತೆ ಮಾಡಿದರೆಂದು ಕಥೆ ಹೇಳುತ್ತಾರೆ.

ತಕ್ಕಡಿಗೆ ಸಿಕ್ಕದವರು

ಕಳ್ಳತನವನ್ನು ಗೋಡೆಯಿಂದ ತಡೆಯಬಹುದು. ಆದರೆ ತಕ್ಕಡಿಯೇ ಕಿರಿದಾಗಿದ್ದರೆ? ಸಾವಿರಾರು ಉತ್ತರಗಳನ್ನು ಕೆಲವೇ ಜನ ಕೆಲವೇ ವಾರಗಳಲ್ಲಿ ನೋಡಬೇಕಾದಾಗ, ಒಂದಕ್ಕೊಂದನ್ನು ಹೋಲಿಸಲು ಸುಲಭವಾದ ಅಚ್ಚು ಬೇಕಾಯಿತು. ಹಾಗೆ ಬಂದದ್ದು ‘ಎಂಟು ಕಾಲಿನ ಪ್ರಬಂಧ’. ಆರಂಭ ಹೀಗೆ, ವಿಸ್ತರಣೆ ಹೀಗೆ, ಜೋಡಿ ವಾಕ್ಯಗಳು ಇಷ್ಟು, ಸುಮಾರು ಏಳುನೂರು ಅಕ್ಷರಗಳನ್ನು ಮೀರತಕ್ಕದ್ದಲ್ಲ ಎಂಬ ಕಟ್ಟಳೆ. ಅಚ್ಚು ಗಟ್ಟಿಯಾದಷ್ಟೂ ಅಂಕ ಹಾಕುವುದು ಸುಲಭವಾಯಿತು. ಮಕ್ಕಳು ಗ್ರಂಥವನ್ನು ಬಿಟ್ಟು ಅಚ್ಚನ್ನೇ ಓದತೊಡಗಿದರು. ಹಿಂದಿನ ಪರೀಕ್ಷೆಗಳ ಮಾದರಿ ಪ್ರಬಂಧಗಳ ಸಂಪುಟಗಳು ಅಂಗಡಿಗಳಲ್ಲಿ ಬಿಸಿಯಾಗಿ ಮಾರಾಟವಾದುವು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ನಮ್ಮಲ್ಲಿ ಗಾದೆಯುಂಟು. ಆ ಮುಕ್ಕಾಲನ್ನು ತೂಗುವ ಬಟ್ಟು ಈ ತಕ್ಕಡಿಯಲ್ಲಿ ಇರಲಿಲ್ಲ.

ಷಾನ್‌ಡಾಂಗ್ ಪ್ರಾಂತದ ಪು ಸುಂಗ್‌ಲಿಂಗ್ 1658ರಲ್ಲಿ, ಇನ್ನೂ ತರುಣನಾಗಿದ್ದಾಗಲೇ, ಕೆಳಗಿನ ಮೂರು ಪರೀಕ್ಷೆಗಳಲ್ಲಿಯೂ ಪ್ರಥಮನಾಗಿ ಬಂದನು. ಆಮೇಲೆ ತನ್ನ ಪ್ರಾಂತದ ದೊಡ್ಡ ಪರೀಕ್ಷೆಯಲ್ಲಿ ಮುಪ್ಪಿನವರೆಗೂ ಸೋತನು. ಸೋಲುಗಳ ನಡುವೆ ಅವನು ಬರೆದ ದೆವ್ವ ಮತ್ತು ನರಿಯಕ್ಷಿಣಿಯರ ಕಥೆಗಳು ಇಂದು ಜಗತ್ತಿಗೇ ಪ್ರಿಯವಾಗಿವೆ. ಅವುಗಳಲ್ಲೊಂದರಲ್ಲಿ ಒಬ್ಬ ಕುರುಡ ಸಂನ್ಯಾಸಿ ಬರುತ್ತಾನೆ. ಪ್ರಬಂಧವನ್ನು ಸುಟ್ಟು ಅದರ ವಾಸನೆ ನೋಡಿಯೇ ಗುಣವನ್ನು ಹೇಳಬಲ್ಲವನು. ಅವನು ಮೆಚ್ಚಿದವನು ಪರೀಕ್ಷೆಯಲ್ಲಿ ಸೋಲುತ್ತಾನೆ, ಮೂಗು ಮುಚ್ಚಿಕೊಂಡವನು ಗೆಲ್ಲುತ್ತಾನೆ. ತನಗೆ ಕಣ್ಣಿಲ್ಲ, ಪರೀಕ್ಷಕರಿಗೆ ಕಣ್ಣಿನೊಡನೆ ಮೂಗೂ ಇಲ್ಲ ಎಂದು ಆ ಸಂನ್ಯಾಸಿ ನಿಟ್ಟುಸಿರುಬಿಡುತ್ತಾನೆ.

ನಾನ್‌ಜಿಂಗಿನ ಇದೇ ಹೊಳೆಯ ದಡಕ್ಕೆ 1733ರಲ್ಲಿ ಬಂದು ನೆಲೆಸಿದವನು ವು ಜಿಂಗ್‌ತ್ಸು. ತಾತ ಮುತ್ತಾತಂದಿರ ಕಾಲದಲ್ಲಿ ಪರೀಕ್ಷೆಗಳಿಂದಲೇ ಕೀರ್ತಿಗೆ ಏರಿದ ಮನೆತನದವನು. ಆಸ್ತಿಯೆಲ್ಲ ಕರಗಿ ಬಡವನಾಗಿದ್ದನು. ವಿದ್ವಾಂಸರ ಬದುಕನ್ನೇ ವಸ್ತುವಾಗಿಸಿ ಅವನು ಬರೆದ ಕಾದಂಬರಿಯಲ್ಲಿ, ಅರವತ್ತು ದಾಟಿದ ಹಳ್ಳಿಯ ಉಪಾಧ್ಯಾಯನೊಬ್ಬನು ಮೊದಲ ಬಾರಿಗೆ ಪರೀಕ್ಷಾಮಂದಿರದ ಒಳಹೊಕ್ಕು, ಆ ಎರಡು ಹಲಗೆಗಳನ್ನು ಕಂಡವನೇ ಅವಕ್ಕೆ ತಲೆ ಚಚ್ಚಿಕೊಂಡು ಮೂರ್ಛೆಹೋಗುತ್ತಾನೆ. ಮುಂದೆ ಅದೃಷ್ಟ ತಿರುಗಿ ಅವನೇ ಪರೀಕ್ಷಕನಾಗುತ್ತಾನೆ. ಒಬ್ಬ ಮುದಿ ವಿದ್ಯಾರ್ಥಿಯ ಉತ್ತರವನ್ನು ಒಮ್ಮೆ ಓದಿದಾಗ ಅದು ಹುಚ್ಚರ ಮಾತೆಂದು ತೋರುತ್ತದೆ. ಎರಡನೆಯ ಬಾರಿಗೆ ಏನೋ ಅರ್ಥವಿದ್ದಂತೆ ಕಾಣುತ್ತದೆ. ಮೂರನೆಯ ಬಾರಿಗೆ ಅದೇ ಪ್ರಪಂಚದ ಶ್ರೇಷ್ಠ ಪ್ರಬಂಧ! ಉತ್ತರ ಬದಲಾಗಲಿಲ್ಲ; ಬದಲಾದದ್ದು ಓದುವವನ ಮನಸ್ಸು. ಹೆಸರನ್ನು ಮುಚ್ಚಿ ವಿದ್ಯಾರ್ಥಿಯನ್ನು ಮರೆಮಾಡಬಹುದು. ಪರೀಕ್ಷಕನೊಳಗಿನ ಮನುಷ್ಯನನ್ನು ಮರೆಮಾಡುವುದು ಹೇಗೆ? ಉತ್ತರಪತ್ರಿಕೆಗಳ ಕಟ್ಟನ್ನು ಎಂದಾದರೂ ಬಿಚ್ಚಿದ ಉಪಾಧ್ಯಾಯರೆಲ್ಲರೂ ಈ ಪ್ರಸಂಗವನ್ನು ಓದಿ ನಗುವರು, ನಕ್ಕು ಸುಮ್ಮನಾಗುವರು.

ಸೋತವರೆಲ್ಲರೂ ಕಥೆ ಬರೆದು ಸಮಾಧಾನಪಡಲಿಲ್ಲ. ದಕ್ಷಿಣದ ಗುವಾಂಗ್‌ಜೌ ನಗರದಲ್ಲಿ ಹಾಂಗ್ ಷಿಯುಛುವಾನ್ ಎಂಬ ಹಳ್ಳಿಯ ಶಾಲಾಮಾಸ್ತರನು ನಾಲ್ಕು ಬಾರಿ ಪರೀಕ್ಷೆಗೆ ಕುಳಿತು ನಾಲ್ಕು ಬಾರಿಯೂ ಸೋತನು. 1837ರ ಸೋಲಿನ ಮೇಲೆ ಹಾಸಿಗೆ ಹಿಡಿದು ವಿಚಿತ್ರ ದರ್ಶನಗಳನ್ನು ಕಂಡನು. ಮುಂದೆ ತಾನು ದೇವಪುತ್ರನೆಂದು ಸಾರಿ ದಂಗೆಯೆದ್ದನು. 1853ರಲ್ಲಿ ಅವನ ಸೇನೆ ನಾನ್‌ಜಿಂಗನ್ನು ಹಿಡಿದು ರಾಜಧಾನಿಯನ್ನಾಗಿ ಮಾಡಿಕೊಂಡಿತು. ಹನ್ನೊಂದು ವರ್ಷ ಅವನು ಇಲ್ಲಿ ಆಳಿದನು. ಆ ಯುದ್ಧದಲ್ಲಿ ಎರಡು ಕೋಟಿ ಜನ ಮಡಿದರೆಂದು ಇತಿಹಾಸಕಾರರ ಸಾಮಾನ್ಯ ಅಂದಾಜು. ಪರೀಕ್ಷೆಯ ಸೋಲೊಂದರಿಂದಲೇ ಇಷ್ಟೆಲ್ಲ ನಡೆಯಿತೆನ್ನುವುದು ಸರಿಯಲ್ಲ. ಹಸಿವು, ಭೂಮಿ, ದುರಾಡಳಿತ ಎಲ್ಲವೂ ಸೇರಿದ್ದುವು. ಆದರೂ ಸೋತ ವಿದ್ಯಾರ್ಥಿ ಸಿಂಹಾಸನವೇರಿದ ಮೇಲೆ ಮಾಡಿದ ಕೆಲಸಗಳಲ್ಲಿ ಒಂದನ್ನು ಮರೆಯುವಂತಿಲ್ಲ. ತನ್ನ ಧರ್ಮಗ್ರಂಥಗಳಿಂದ ಪ್ರಶ್ನೆ ತೆಗೆದು ಅವನೂ ಪರೀಕ್ಷೆಗಳನ್ನೇ ನಡೆಸಿದನು!

1864ರ ಬೇಸಿಗೆಯಲ್ಲಿ ಸಾಮ್ರಾಟನ ಸೇನಾಪತಿ ಜೆಂಗ್ ಗುವೋಫಾನನ ಪಡೆ ನಗರವನ್ನು ಮರಳಿ ಗೆದ್ದಿತು. ಬೀದಿಗಳಲ್ಲಿ ಇನ್ನೂ ಬೂದಿ. ಆ ಸೇನಾಪತಿ ಮೊದಲು ದುರಸ್ತಿ ಮಾಡಿಸಿದ ಕಟ್ಟಡಗಳಲ್ಲಿ ಪರೀಕ್ಷಾಮಂದಿರ ಒಂದು. ಅದೇ ವರ್ಷದ ಚಳಿಗಾಲದಲ್ಲಿ ಪರೀಕ್ಷೆ ನಡೆಯಿತು. ರಾಜ್ಯ ಮತ್ತೆ ನೆಲೆನಿಂತಿತೆಂಬುದಕ್ಕೆ ಜನ ನಂಬುವ ಮುದ್ರೆ ಅದೊಂದೇ ಆಗಿದ್ದಿತು.

ಗುರುವಿನ ಕಣ್ಣು, ಪರಕೀಯನ ಕಣ್ಣು

ಬೇರೆ ದಾರಿಯನ್ನು ಯಾರೂ ಹುಡುಕಲಿಲ್ಲವೆ? ಹುಡುಕಿದರು. ಈ ಮಂದಿರ ಹುಟ್ಟುವುದಕ್ಕೂ ಮೊದಲೇ, ಹನ್ನೊಂದನೆಯ ಶತಮಾನದಲ್ಲಿ, ಸುಂಗ್ ಅರಸರ ಮಂತ್ರಿ ವಾಂಗ್ ಆನ್‌ಷಿ ಇದೇ ದೋಷವನ್ನು ಎತ್ತಿ ತೋರಿಸಿದ್ದನು. ಒಂದು ದಿನದ ಬರವಣಿಗೆಯಿಂದ ಮನುಷ್ಯನನ್ನು ಅಳೆಯುವ ಬದಲು, ಅವನನ್ನು ಶಾಲೆಯಲ್ಲಿರಿಸಿ ವರ್ಷಗಟ್ಟಲೆ ನೋಡಿ ತಿಳಿಯಬಾರದೇಕೆ? ಹೀಗೆ 1071ರಲ್ಲಿ ರಾಜಧಾನಿಯ ಮಹಾಶಾಲೆಯಲ್ಲಿ ಮೂರು ಅಂಗಳಗಳ ಪದ್ಧತಿ ಮೊದಲಾಯಿತು. ಹೊರಅಂಗಳ, ಒಳಅಂಗಳ, ಮೇಲಂಗಳ. ತಿಂಗಳ ಪರೀಕ್ಷೆ, ವರ್ಷದ ಪರೀಕ್ಷೆ, ಅದರೊಡನೆ ನಡತೆಯ ದಾಖಲೆ ಎಲ್ಲವನ್ನೂ ನೋಡಿ ಒಂದು ಅಂಗಳದಿಂದ ಇನ್ನೊಂದಕ್ಕೆ ಏರಿಸುವುದು. 1104ರಲ್ಲಿ ದೇಶದ ಜಿಲ್ಲೆಗಳಲ್ಲೆಲ್ಲ ಪರೀಕ್ಷೆಯನ್ನೇ ನಿಲ್ಲಿಸಿ, ಶಾಲೆಯ ಏಣಿಯಿಂದಲೇ ಜನರನ್ನು ಆರಿಸಲು ಆಜ್ಞೆಯಾಯಿತು.

ಆ ಏಣಿ ಹದಿನೇಳು ವರ್ಷ ನಿಂತು, 1121ರಲ್ಲಿ ಬಿದ್ದಿತು. ಖರ್ಚು ಬಹಳವಾಯಿತು; ಅಧಿಕಾರದಲ್ಲಿದ್ದ ಪಕ್ಷಕ್ಕೆ ಒಗ್ಗದ ಮಾತಾಡಿದವನ ನಡತೆಯಲ್ಲಿ ದೋಷ ಕಾಣಿಸಿತು; ಬಲ್ಲವರ ಮಕ್ಕಳು ಮೇಲಂಗಳಕ್ಕೆ ಬೇಗ ಏರಿದರೆಂಬ ಅಪವಾದ ಬಂದಿತು. ಜನ ಮತ್ತೆ ಮುಚ್ಚಿದ ಹೆಸರನ್ನೂ ನಕಲಿನ ಪ್ರತಿಯನ್ನೂ ಬಯಸಿದರು. ತೊಡಕು ಇರುವುದು ಇಲ್ಲಿಯೇ. ಬಲ್ಲ ಗುರುವಿಗೆ ವಿದ್ಯಾರ್ಥಿ ಕಾಣುತ್ತಾನೆ. ಆದರೆ ಆ ಕಣ್ಣಿನಲ್ಲಿ ಮೋಹವೂ ಮತ್ಸರವೂ ಇದ್ದೀತು. ಪರಕೀಯ ಪರೀಕ್ಷಕನಲ್ಲಿ ಪಕ್ಷಪಾತವಿಲ್ಲ. ಏಕೆಂದರೆ ಅವನಿಗೆ ವಿದ್ಯಾರ್ಥಿಯೇ ಕಾಣುವುದಿಲ್ಲ.

ಒಂದು ಮಧ್ಯಾಹ್ನದ ನೋಟ

1897ರ ಶರತ್ಕಾಲದಲ್ಲಿ ಆನ್‌ಹ್ವೇ ಪ್ರಾಂತದಿಂದ ಛೆನ್ ದುಷಿಯು ಎಂಬ ತರುಣನು ಪರೀಕ್ಷೆಗಾಗಿ ಇಲ್ಲಿಗೆ ಬಂದನು. ಬಿಸಿಲು ಬೇಗೆ. ಓಣಿಯಲ್ಲಿ ಒಬ್ಬ ಸ್ಥೂಲಕಾಯದ ಪರೀಕ್ಷಾರ್ಥಿ ಮೈಮೇಲಿನ ಬಟ್ಟೆಯನ್ನೆಲ್ಲ ಕಳಚಿ, ತಲೆಯ ಮೇಲೆ ಜಡೆ ಸುತ್ತಿಕೊಂಡು, ಹರಕು ಪಾದರಕ್ಷೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತ, ತನ್ನ ಪ್ರಬಂಧವನ್ನು ತಾನೇ ರಾಗವಾಗಿ ಹಾಡಿಕೊಳ್ಳುತ್ತ, ಮೆಚ್ಚಿದ ಕಡೆ ತೊಡೆ ತಟ್ಟಿ, ಈ ಬಾರಿ ಗೆದ್ದೇ ಗೆಲ್ಲುವೆನೆಂದು ಕೂಗುತ್ತಿದ್ದನು. ಅವನನ್ನು ನೋಡುತ್ತ ಛೆನ್ ಒಂದೆರಡು ಗಂಟೆಗಳ ಕಾಲ ಯೋಚನೆಯಲ್ಲಿ ಮುಳುಗಿದನು. ಇಂಥವರ ಕೈಗೆ ದೇಶ ಹೋದರೆ ಗತಿಯೇನು? ಆ ಗಂಟೆಗಳೇ ತನ್ನ ಮುಂದಿನ ಬದುಕನ್ನು ತಿರುಗಿಸಿದುವೆಂದು ನಲವತ್ತು ವರ್ಷಗಳ ಮೇಲೆ ಆತ್ಮಕಥೆಯಲ್ಲಿ ಅವನು ನೆನೆದನು. 1915ರಲ್ಲಿ ‘ನವತರುಣ’ ಪತ್ರಿಕೆಯನ್ನು ಆರಂಭಿಸಿ ಚೀನಾದ ಹೊಸ ಚಿಂತನೆಗೆ ನಾಂದಿ ಹಾಡಿದವನೂ, 1921ರಲ್ಲಿ ಅಲ್ಲಿನ ಕಮ್ಯೂನಿಸ್ಟ್ ಪಕ್ಷವನ್ನು ಕಟ್ಟಿದವರಲ್ಲಿ ಪ್ರಮುಖನೂ ಇದೇ ಛೆನ್. ಅಂದು ಅವನ ಉತ್ತರಕ್ಕೆ ಸ್ಥಾನ ದೊರೆಯಲಿಲ್ಲ. ಆದರೆ ಮಂದಿರ ಕಲಿಸಿದ ಪಾಠ ಅವನಿಗೆ ಚೆನ್ನಾಗಿಯೇ ಬಂದಿತ್ತು.

ಎಂಟು ಕಾಲಿನ ಪ್ರಬಂಧ 1901ರ ಆಜ್ಞೆಯಿಂದ ಹೋಯಿತು. 1905ರ ಸೆಪ್ಟೆಂಬರಿನಲ್ಲಿ ಸಾವಿರದ ಮುನ್ನೂರು ವರ್ಷಗಳ ಪರೀಕ್ಷಾಪದ್ಧತಿಯೇ ರದ್ದಾಯಿತು. ಅದರ ಬದಲಿಗೆ ಹೊಸ ಬಗೆಯ ಶಾಲೆಗಳು ಬರಬೇಕೆಂದು ಆಜ್ಞೆ. ಗಣರಾಜ್ಯ ಬಂದ ಕೆಲವು ವರ್ಷಗಳಿಗೆ ಇಲ್ಲಿನ ಕೋಣೆಗಳನ್ನು ಕೆಡವಿ ನೆಲವನ್ನು ಪೇಟೆಗೆ ಬಿಟ್ಟರು. ಗೋಪುರ ಮತ್ತು ಕೆಲವು ಕಲ್ಲುಶಾಸನಗಳು ಉಳಿದುವು.

ಲಂಡನ್ನಿನ ದಾರಿಯಲ್ಲಿ ನಮ್ಮೂರಿಗೆ

ಅಷ್ಟು ಹೊತ್ತಿಗೆ ಪರೀಕ್ಷೆ ಸಮುದ್ರ ದಾಟಿಯಾಗಿತ್ತು. ಚೀನಾದಲ್ಲಿ ಕೆಲಸದಲ್ಲಿದ್ದ ಥಾಮಸ್ ಟೇಲರ್ ಮೆಡೋಸ್ ಎಂಬ ಇಂಗ್ಲಿಷ್ ಅಧಿಕಾರಿ 1847ರಲ್ಲಿ ಬರೆದ ಪುಸ್ತಕದಲ್ಲಿ, ಆ ಸಾಮ್ರಾಜ್ಯದ ದೀರ್ಘಾಯುಷ್ಯಕ್ಕೆ ಪರೀಕ್ಷೆಯೇ ಕಾರಣವೆಂದೂ ಬ್ರಿಟನ್ನೂ ಅದನ್ನು ಅನುಸರಿಸಬೇಕೆಂದೂ ವಾದಿಸಿದನು. 1854ರಲ್ಲಿ ನಾರ್ತ್‌ಕೋಟ್ ಮತ್ತು ಟ್ರೆವೆಲಿಯನ್ ಎಂಬಿಬ್ಬರು ಸರ್ಕಾರಿ ನೌಕರಿಗೆ ಸ್ಪರ್ಧಾಪರೀಕ್ಷೆಯನ್ನು ಸೂಚಿಸಿದಾಗ, ವಿರೋಧಿಗಳು ಅದನ್ನು ಚೀನೀ ಪದ್ಧತಿಯೆಂದು ಹಂಗಿಸಿದರು. ಈ ಟ್ರೆವೆಲಿಯನ್ ದೆಹಲಿಯಲ್ಲಿಯೂ ಕಲ್ಕತ್ತೆಯಲ್ಲಿಯೂ ಕೆಲಸ ಮಾಡಿದ್ದವನು. 1855ರಲ್ಲಿ ಭಾರತದ ಸಿವಿಲ್ ಸರ್ವಿಸ್ಸಿಗೆ ಲಂಡನ್ನಿನಲ್ಲಿ ಸ್ಪರ್ಧಾಪರೀಕ್ಷೆ ಆರಂಭವಾಯಿತು. 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಅದರಲ್ಲಿ ಗೆದ್ದ ಮೊದಲ ಭಾರತೀಯರಾದರು. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವುಗಳ ಮುಖ್ಯ ಕೆಲಸ ಪಾಠ ಹೇಳುವುದಾಗಿರಲಿಲ್ಲ, ಪರೀಕ್ಷೆ ನಡೆಸುವುದಾಗಿದ್ದಿತು. ಮೈಸೂರು, ಬೆಂಗಳೂರು, ಮಂಗಳೂರುಗಳ ಹುಡುಗರು ಮದರಾಸಿನ ಮೆಟ್ರಿಕ್ಯುಲೇಷನ್ ಪರೀಕ್ಷೆಗೂ, ಧಾರವಾಡ ಬೆಳಗಾವಿಗಳ ಹುಡುಗರು ಮುಂಬಯಿಯದಕ್ಕೂ ಸಿದ್ಧರಾದರು. ಮೈಸೂರು ವಿಶ್ವವಿದ್ಯಾನಿಲಯ ಬಂದದ್ದು 1916ರಲ್ಲಿ.

ಹೆಸರಿನ ಬದಲು ನೋಂದಣಿಯ ಸಂಖ್ಯೆ, ಗುರುತಿಲ್ಲದ ಪರೀಕ್ಷಕ, 2024ರಲ್ಲಿ ಕರ್ನಾಟಕದ ಹತ್ತನೆಯ ತರಗತಿಯ ಪರೀಕ್ಷಾಕೊಠಡಿಗಳ ಮೇಲೆ ದೂರದಿಂದ ನಿಗಾ ಇಟ್ಟ ಕ್ಯಾಮರಾ ಇವೆಲ್ಲವೂ ಆ ಗೋಪುರದ ಕಿಟಕಿಯಿಂದ ನೋಡಿದವನಿಗೆ ಹೊಸವಾಗಿ ತೋರಲಾರವು. ಇನ್ನೊಂದು ಕಡೆಯ ಅನುಭವವೂ ನಮಗಾಗಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ, ಎಳೆಯ ಮಕ್ಕಳನ್ನು ವರ್ಷವಿಡೀ ನೋಡುತ್ತ ನಿರಂತರವಾಗಿ ಮೌಲ್ಯಮಾಪನ ಮಾಡಬೇಕು, ಯಾರನ್ನೂ ಅನುತ್ತೀರ್ಣಗೊಳಿಸಬಾರದು ಎಂದಿತು. ಉಪಾಧ್ಯಾಯರ ಮೇಜಿನ ಮೇಲೆ ನಮೂನೆಗಳ ರಾಶಿ ಬೆಳೆಯಿತು. ಮಕ್ಕಳ ಕಲಿಕೆ ಕುಸಿಯಿತೆಂಬ ದೂರು ಬಂದಿತು. 2019ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಯನ್ನೂ, ರಾಜ್ಯಗಳು ಬಯಸಿದರೆ ಅನುತ್ತೀರ್ಣಗೊಳಿಸುವುದನ್ನೂ ಮತ್ತೆ ತಂದಿತು. 1104 ಮತ್ತು 1121ರ ನಡುವೆ ತೂಗಿದ ತಕ್ಕಡಿಯೇ ಇದು.

ನೆಲದಡಿಯ ಮಂದಿರ

ಈಗ ಆ ಸ್ಥಳದಲ್ಲಿ ಪರೀಕ್ಷಾಪದ್ಧತಿಯ ವಸ್ತುಸಂಗ್ರಹಾಲಯವಿದೆ. ಕಟ್ಟಡ ಮೇಲೇಳದೆ ನೆಲದೊಳಕ್ಕೆ ಇಳಿದಿದೆ. ಛಾವಣಿಯ ಮೇಲೆ ತೆಳುವಾದ ನೀರಿನ ಕೊಳ. ಅದರಲ್ಲಿ ಹಳೆಯ ಗೋಪುರದ ಪ್ರತಿಬಿಂಬ. ಇಳಿಜಾರಿನಲ್ಲಿ ನಡೆದು ಕೆಳಗಿಳಿದಂತೆ ಪೇಟೆಯ ಗದ್ದಲ ಅಡಗುತ್ತದೆ. ಮಾದರಿಗಾಗಿ ಕಟ್ಟಿದ ಕೋಣೆಗಳಲ್ಲಿ ಪ್ರವಾಸಿಗರು ಹಲಗೆಯ ಮೇಲೆ ಕುಳಿತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಕುಳಿತವರು ನಗುತ್ತಲೇ ಇರುತ್ತಾರೆ. ಏಳುವಾಗ ಮಾತ್ರ ಬೆನ್ನು ನೀವಿಕೊಳ್ಳುತ್ತಾರೆ.

ಚೀನಾದಲ್ಲಿ ಪರೀಕ್ಷೆ ಸತ್ತಿತೆ? ಇಲ್ಲ. 1952ರಲ್ಲಿ ವಿಶ್ವವಿದ್ಯಾನಿಲಯ ಪ್ರವೇಶಕ್ಕಾಗಿ ರಾಷ್ಟ್ರೀಯ ಪರೀಕ್ಷೆ ಹುಟ್ಟಿತು. ಅದರ ಹೆಸರು ‘ಗಾವೊಕಾವೊ’. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆ ಕೆಲಸದ ಘಟಕಗಳ ಶಿಫಾರಸಿನ ಮೇಲೆ, ರಾಜಕೀಯ ನಿಷ್ಠೆಯನ್ನು ನೋಡಿ ವಿದ್ಯಾರ್ಥಿಗಳನ್ನು ಆರಿಸಿದರು. ಶಿಫಾರಸಿನ ಬಾಗಿಲು ಯಾರಿಗೆ ತೆರೆಯುತ್ತದೆಂಬುದನ್ನು ಹೇಳಬೇಕಾಗಿಲ್ಲ. 1977ರ ಚಳಿಗಾಲದಲ್ಲಿ ಪರೀಕ್ಷೆ ಮರಳಿ ಬಂದಾಗ, ಹೊಲಗಳಿಂದಲೂ ಕಾರ್ಖಾನೆಗಳಿಂದಲೂ ಎದ್ದುಬಂದು ಬರೆದವರು 57 ಲಕ್ಷ ಜನ. ಸ್ಥಾನ ದೊರೆತದ್ದು ಸುಮಾರು 2 ಲಕ್ಷ 70 ಸಾವಿರ ಜನಕ್ಕೆ. ಹತ್ತು ವರ್ಷ ಕಾದವರಿಗೆ ಆ ಪ್ರಶ್ನೆಪತ್ರಿಕೆ ಸೆರೆಮನೆಯಾಗಿ ತೋರಲಿಲ್ಲ, ಬಿಡುಗಡೆಯಾಗಿ ತೋರಿತು. 2024ರಲ್ಲಿ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ.

ಆದುದರಿಂದ ಈ ಮಂದಿರದ ಪಾಠ ಪರೀಕ್ಷೆ ಬೇಡವೆಂಬುದಲ್ಲ. ಹೆಸರು ಮುಚ್ಚಿದ ಪರೀಕ್ಷೆಯಿಲ್ಲದಿದ್ದರೆ ಬಡವನ ಮಗನಿಗೆ ಬಾಗಿಲೇ ಇಲ್ಲ. ಇಲ್ಲಿನ ತಪ್ಪು ಅಳೆಯುವ ಮನೆಯನ್ನು ಕಟ್ಟಿದ್ದಲ್ಲ. ಅದಕ್ಕೆ ಇಪ್ಪತ್ತು ಸಾವಿರ ಕೋಣೆಗಳನ್ನು ಸೇರಿಸುತ್ತ ಹೋಗುವಾಗ ಪಕ್ಕದ ಕಲಿಸುವ ಮನೆ ಬರಿದಾದುದನ್ನು ನೋಡದೆ ಹೋದದ್ದು. ತಕ್ಕಡಿ ಎಷ್ಟು ಸೂಕ್ಷ್ಮವಾದರೂ ಅದು ಧಾನ್ಯವನ್ನು ಬೆಳೆಯಲಾರದು.

ಪರೀಕ್ಷೆಯ ಕಾಲ ಹತ್ತಿರವಾದಾಗ ಕನ್‌ಫ್ಯೂಷಿಯಸನ ದೇವಾಲಯದ ಅಂಗಳದಲ್ಲಿ ತಂದೆತಾಯಿಗಳ ಸಂದಣಿ. ಹರಕೆಯ ಕೆಂಪು ಫಲಕಗಳ ಮೇಲೆ ಮಕ್ಕಳ ಹೆಸರು ಬರೆದು ಸಾಲುಸಾಲಾಗಿ ಕಟ್ಟುತ್ತಾರೆ. ಹೆಸರನ್ನು ಮರೆಮಾಡಲು ಅಷ್ಟೆಲ್ಲ ಶ್ರಮಪಟ್ಟ ಮಂದಿರದ ಪಕ್ಕದಲ್ಲಿ, ಪ್ರತಿಯೊಂದು ಹೆಸರೂ ಸ್ಪಷ್ಟವಾಗಿ, ದೊಡ್ಡಕ್ಷರದಲ್ಲಿ. ಹೊಳೆಯ ಗಾಳಿಗೆ ಫಲಕಗಳು ಒಂದಕ್ಕೊಂದು ತಗುಲಿ ಸಣ್ಣಗೆ ಸದ್ದು ಮಾಡುತ್ತವೆ. ಕತ್ತಲಾಗುತ್ತಿದ್ದಂತೆ ಗೋಪುರದ ದೀಪ ಹೊತ್ತಿಕೊಳ್ಳುತ್ತದೆ. ತಾಯಂದಿರು ಮಕ್ಕಳ ಕೈಹಿಡಿದು ಮನೆಯ ಕಡೆಗೆ ಹೊರಡುತ್ತಾರೆ. ನಾಳೆಯ ಪಾಠ ಇನ್ನೂ ಓದುವುದಿದೆ.